ಅಲೆಮಾರಿ ಬದುಕಿನ ಪ್ರದರ್ಶನ ಮತ್ತು ಪ್ರವಾಸದ ನೀತಿ

ತೀರ್ಥಯಾತ್ರೆ ಮತ್ತು ವಿಹಾರ ಪ್ರವಾಸ ಇವೆರಡೂ ಒಂದೇ ವಾಹನದಲ್ಲಿ ಸಾಗುತ್ತಿರುವ ಕಾಲವಿದು. ಬೀದರ, ಭಾಲ್ಕಿ, ಔರಾದಗಳಂಥ ಊರುಗಳಿಂದ ರಾಜಸ್ಥಾನದ ಜಿನಮಂದಿರಗಳ ದರ್ಶನಕ್ಕೆಂದು ಹೊರಡುವ ಕುಟುಂಬವು ಆಬು, ರಾಣಕಪುರಗಳನ್ನು ಕಂಡು ಜೈಸಲಮೇರಿಗೆ ಬರುತ್ತದೆ. ಅಲ್ಲಿ ಕೋಟೆಯೊಳಗಿನ ಹಳದಿ ಕಲ್ಲಿನ ಮಂದಿರಗಳಿವೆ. ತಾಳೆಗರಿ ಗ್ರಂಥಗಳಿಗೆ ಹೆಸರಾದ ಜಿನಭದ್ರಸೂರಿ ಜ್ಞಾನಭಂಡಾರವಿದೆ. ಸುಮಾರು 16 ಕಿ.ಮೀ. ದೂರದಲ್ಲಿ ಲೋದ್ರವಾದ ಪಾರ್ಶ್ವನಾಥ ಮಂದಿರವಿದೆ. ಇವುಗಳ ದರ್ಶನವಾದ ಮೇಲೆ ಕಾರ್ಯಕ್ರಮ ಪಟ್ಟಿಯಲ್ಲಿ ಇನ್ನೊಂದು ಬಾಬು ಸೇರಿಕೊಂಡಿರುವುದುಂಟು: ಜೀಪಿನಲ್ಲಿ ಮರುಭೂಮಿ ಸಂಚಾರ, ಸ್ಥಳೀಯ ಸಂಸ್ಕೃತಿ ಹಾಗೂ ಅಲೆಮಾರಿ ಜೀವನದ ಪರಿಚಯ, ರಾತ್ರಿ ಡೇರೆಯಲ್ಲಿ ವಾಸ. ಮಂದಿರದ ಶಿಲ್ಪವನ್ನು ಕುರಿತು ವಿಮರ್ಶೆ ಬರೆಯುವವರಿದ್ದಾರೆ. ಆ ಸಂಜೆಯ ಕಾರ್ಯಕ್ರಮವನ್ನು ಮಾತ್ರ ಯಾರೂ ವಿಮರ್ಶೆಗೆ ಒಳಪಡಿಸುವುದಿಲ್ಲ. ಅದನ್ನು ಮನರಂಜನೆಯೆಂದು ಬಿಟ್ಟುಬಿಡುವುದು ವಾಡಿಕೆ. ಆದರೆ ಜನಸಮುದಾಯವೊಂದರ ಬದುಕನ್ನು ಹೀಗಿದೆಯೆಂದು ತೋರಿಸುವ ಯಾವುದೇ ಪ್ರದರ್ಶನವು ಒಂದು ಹೇಳಿಕೆಯೇ ಸರಿ. ಆ ಹೇಳಿಕೆ ಎಷ್ಟು ಸತ್ಯ, ಅದರಿಂದ ಯಾರಿಗೆ ಹಿಂಸೆ, ಯಾರಿಗೆ ಹಿತ ಎಂಬ ಪ್ರಶ್ನೆಗಳನ್ನು ಕೇಳಲೇಬೇಕಾಗುತ್ತದೆ.

ಈ ಪ್ರವಾಸದ ರಚನೆ ಬಹುಮಟ್ಟಿಗೆ ಒಂದೇ ಬಗೆಯದು. ಮಧ್ಯಾಹ್ನ ಊರು ಬಿಟ್ಟ ಜೀಪು ಕುಲಧರಾ ಎಂಬ ಪಾಳುಬಿದ್ದ ಹಳ್ಳಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಸಮ್ ಎಂಬಲ್ಲಿಯ ಮರಳದಿಬ್ಬಗಳಿಗೆ ಹೋಗಿ, ದಾರಿಯಿಲ್ಲದ ಮರಳಿನ ಮೇಲೆ ಏರಿಳಿಯುತ್ತ ಓಡುತ್ತದೆ. ಬಳಿಕ ಒಂಟೆ ಸವಾರಿ, ಸೂರ್ಯಾಸ್ತ, ಡೇರೆಗಳ ನಡುವೆ ಹಾಡು, ಕುಣಿತ, ಊಟ. ಪ್ರತಿಯೊಂದಕ್ಕೂ ಗೊತ್ತಾದ ವೇಳೆಯಿದೆ. ಮಾರ್ಗದರ್ಶಿಯು ಹೇಳುವ ಕಥೆಗಳಿಗೂ ಗೊತ್ತಾದ ಅಳತೆಯಿದೆ.

ಕುಲಧರಾದ ಕಥೆಯನ್ನೇ ನೋಡಬಹುದು. ಇದು ಪಾಲಿವಾಲ ಬ್ರಾಹ್ಮಣರು ನೆಲೆಸಿದ್ದ ಹಳ್ಳಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬರಿದಾಯಿತು. ದುಷ್ಟ ದಿವಾನನ ಕಾಟಕ್ಕೆ ಬೇಸತ್ತು ಒಂದೇ ರಾತ್ರಿಯಲ್ಲಿ ಊರಿಗೆ ಊರೇ ಶಾಪವಿಟ್ಟು ಹೊರಟುಹೋಯಿತೆಂಬುದು ಪ್ರವಾಸಿಗರಿಗೆ ಹೇಳುವ ಕಥೆ. ಬಾವಿಗಳು ಬತ್ತುತ್ತ ಬಂದದ್ದು, ನೀರಿನ ಅಭಾವದಿಂದ ಬೇಸಾಯ ಕುಂದಿದ್ದು ವಿದ್ವಾಂಸರು ಮುಂದಿಡುವ ಕಾರಣಗಳಲ್ಲಿ ಮುಖ್ಯವಾದುದು. ಶಾಪದ ಕಥೆ ಕೇಳಿದವನಿಗೆ ರೋಮಾಂಚನವಾಗುತ್ತದೆ. ನೀರಿನ ಕಥೆ ಕೇಳಿದವನಿಗೆ ಆ ರಾತ್ರಿ ತನ್ನ ಡೇರೆಯ ಸ್ನಾನಕ್ಕೆ ನೀರು ಎಲ್ಲಿಂದ ಬಂತೆಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆಯೇಳುವ ಕಥೆಯನ್ನು ಬಿಟ್ಟು ರೋಮಾಂಚನದ ಕಥೆಯನ್ನೇ ಆಯ್ದುಕೊಳ್ಳುವುದು ಈ ಪ್ರದರ್ಶನದ ಮೊದಲ ದೋಷ.

ಎರಡನೆಯದು ಜನರನ್ನು ಕುರಿತದ್ದು. ಸಂಜೆಯ ಕುಣಿತದಲ್ಲಿ ಕಾಣುವವರು ಸಾಮಾನ್ಯವಾಗಿ ಕಾಲಬೇಲಿಯಾ ಸಮುದಾಯದ ಸ್ತ್ರೀಯರು, ಹಾಡುವವರು ಮಾಂಗಣಿಯಾರರು. ಮಾಂಗಣಿಯಾರರು ವಂಶಪಾರಂಪರ್ಯವಾಗಿ ಹಾಡುವ ಮುಸಲ್ಮಾನ ಗಾಯಕರು. ತಮ್ಮ ಯಜಮಾನ ಮನೆತನಗಳಲ್ಲಿ ಜನನ, ವಿವಾಹಾದಿ ಸಂದರ್ಭಗಳಲ್ಲಿ ಹಾಡಿ, ಆ ಮನೆತನಗಳ ಪೋಷಣೆಯಲ್ಲಿ ಬದುಕಿದವರು. ಕಾಲಬೇಲಿಯಾ ಜನರ ಹಿಂದಿನ ವೃತ್ತಿ ಹಾವುಗಳನ್ನು ಹಿಡಿಯುವುದು, ಆಡಿಸುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಆ ವೃತ್ತಿ ನಿಷಿದ್ಧವಾಯಿತು. ಆಗ ಅವರ ಹಾಡು ಕುಣಿತಗಳೇ ಜೀವನೋಪಾಯವಾದವು. 2010ರಲ್ಲಿ ಯುನೆಸ್ಕೋ ಸಂಸ್ಥೆಯು ಅವುಗಳನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾವಿನ ಹಿಂಸೆ ನಿಂತದ್ದು ಸ್ವಾಗತಾರ್ಹವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ವೃತ್ತಿ ಕಳೆದುಕೊಂಡವರು ಹೇಗೆ ಬದುಕಿದರು ಎಂಬ ವೃತ್ತಾಂತವೇ ಅವರ ಸಂಸ್ಕೃತಿಯ ಪರಿಚಯದ ಹೃದಯಭಾಗ. ಪ್ರವಾಸದಲ್ಲಿ ಅದನ್ನು ಹೇಳುವವರಿಲ್ಲ. ಕುಣಿತವಿದೆ, ಕುಣಿಯುವವರ ಮಾತಿಲ್ಲ.

ಒಂಟೆಯ ವಿಷಯವೂ ವಿಚಾರಾರ್ಹವಾಗಿದೆ. 2014ರಲ್ಲಿ ಒಂಟೆಯು ರಾಜಸ್ಥಾನದ ರಾಜ್ಯಪ್ರಾಣಿಯಾಯಿತು. 2015ರಲ್ಲಿ ಅದರ ವಧೆಯನ್ನು ನಿಷೇಧಿಸುವ, ಹೊರರಾಜ್ಯಗಳಿಗೆ ಸಾಗಿಸುವುದನ್ನು ನಿರ್ಬಂಧಿಸುವ ಕಾಯ್ದೆ ಬಂದಿತು. ಕಾಯ್ದೆಯ ಹಿಂದಿನ ಕಾರುಣ್ಯ ಪ್ರಶಂಸನೀಯ. ಆದರೂ ಜಾನುವಾರು ಗಣತಿಗಳ ಪ್ರಕಾರ ದೇಶದ ಒಂಟೆಗಳ ಸಂಖ್ಯೆ 2012ರಲ್ಲಿ ಸುಮಾರು 4 ಲಕ್ಷವಿದ್ದುದು 2019ರ ವೇಳೆಗೆ ಸುಮಾರು 2.5 ಲಕ್ಷಕ್ಕೆ ಇಳಿಯಿತು. ಇದಕ್ಕೆ ಕಾಯ್ದೆಯೊಂದೇ ಕಾರಣವಲ್ಲ. ಇಳಿಕೆ ಮೊದಲೇ ಆರಂಭವಾಗಿತ್ತು. ಮೇವಿನ ಭೂಮಿ ಕುಗ್ಗಿತು. ಹೇರು ಹೊರುವ ಕೆಲಸವನ್ನು ಮೋಟಾರು ವಾಹನಗಳು ಕಸಿದುಕೊಂಡವು. ಮಾರಲೂ ಬಾರದ, ದುಡಿಸಲೂ ಆಗದ ಪ್ರಾಣಿಯನ್ನು ಸಾಕುವುದು ರಾಯಿಕಾ ಜನರಿಗೆ ದುಸ್ಸಾಧ್ಯವಾಯಿತು. ಪ್ರಾಣಿಯನ್ನು ನೆನೆದ ದಯೆಯು ಅದನ್ನು ಸಾಕುವವನನ್ನು ಮರೆತರೆ ಕೊನೆಗೆ ಪ್ರಾಣಿಗೂ ಉಪಕಾರವಾಗುವುದಿಲ್ಲ. ಅಹಿಂಸೆಯನ್ನು ಬಾಳಿನ ನೆಲೆಯಾಗಿ ಉಳ್ಳ ಸಮಾಜವು ಮನನ ಮಾಡಬೇಕಾದ ಪಾಠವಿದು. ಹತ್ತು ನಿಮಿಷದ ಒಂಟೆ ಸವಾರಿಯಿಂದ ಇದು ತಿಳಿಯುವಂತಿಲ್ಲ.

ಇಷ್ಟು ದೂರದ ಮಾತು ಬೀದರ ಸೀಮೆಗೆ ಏಕೆಂಬ ಪ್ರಶ್ನೆ ಸಹಜ. ಬೀದರ ಮರುಭೂಮಿಯಲ್ಲ. ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿ, ಕೆಂಪು ಮತ್ತು ಕಪ್ಪು ಮಣ್ಣಿನ ಹೊಲಗಳು, ಮಾಂಜರಾ ನದಿ, ಭಾಲ್ಕಿ ತಾಲೂಕಿನ ಕಾರಂಜಾ ಜಲಾಶಯ ಇವುಗಳಿಂದ ಕೂಡಿದ ನಾಡಿದು. ಆದರೆ ಅಲೆಮಾರಿ ಜೀವನವನ್ನು ಕಾಣಲು ಇಲ್ಲಿಯವರು ಸಾವಿರ ಕಿಲೋಮೀಟರು ಹೋಗಬೇಕಾಗಿಲ್ಲ. ಮುಂಗಾರಿನ ಬೆಳೆ ಕೊಯ್ಲಾದ ಮೇಲೆ ಕುರುಬರು, ಗಡಿಯಾಚೆಯ ಧನಗರರು ತಮ್ಮ ಕುರಿಮಂದೆಗಳೊಡನೆ ಹೊಲದಿಂದ ಹೊಲಕ್ಕೆ ಸಾಗುತ್ತಾರೆ. ಕುದುರೆಯ ಬೆನ್ನ ಮೇಲೆ ಪಾತ್ರೆ, ಕಂಬಳಿ, ಎಳೆಯ ಮರಿಗಳು. ಹಿಂದೆ ಮುಂದೆ ನಾಯಿಗಳು. ರಾತ್ರಿ ರೈತನ ಹೊಲದಲ್ಲಿ ಮಂದೆ ನಿಲ್ಲಿಸಿದರೆ ಕುರಿಯ ಹಿಕ್ಕೆ ಮತ್ತು ಗಂಜಲ ಆ ನೆಲಕ್ಕೆ ಗೊಬ್ಬರವಾಗುತ್ತವೆ. ರೈತನು ಪ್ರತಿಯಾಗಿ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನು ಕನ್ನಡ, ಮರಾಠಿ, ತೆಲುಗು ಮಾತನಾಡುವ ಕುರಿಗಾರರೆಲ್ಲರ ದೈವ. ಮನೆತನಗಳ ವಂಶಾವಳಿ ಹೇಳುವ ಹೆಳವರು, ಗೊಂದಲಿಗರು, ಬುಡ್ಗ ಜಂಗಮರು, ಸುಡುಗಾಡು ಸಿದ್ಧರು ಈ ಉತ್ತರ ಕರ್ನಾಟಕದ ಊರುಗಳಿಗೆ ಅಪರಿಚಿತರಲ್ಲ. ಔರಾದ ಸೀಮೆಯಲ್ಲಿ ಲಂಬಾಣಿ ತಾಂಡಾಗಳು ಹೇರಳವಾಗಿವೆ.

ಲಂಬಾಣಿಗರ ಪೂರ್ವಜರು ಎತ್ತುಗಳ ಬೆನ್ನಿನ ಮೇಲೆ ಧಾನ್ಯ, ಉಪ್ಪುಗಳನ್ನು ಹೇರಿಕೊಂಡು ದಖ್ಖನದ ಉದ್ದಗಲ ಸಂಚರಿಸಿದವರು. ಮೊಗಲರ ದಂಡಿಗೆ ಆಹಾರ ಒದಗಿಸಿದವರು. ರೈಲು ಮತ್ತು ಬ್ರಿಟಿಷರ ಉಪ್ಪಿನ ನೀತಿಗಳು ಆ ವ್ಯಾಪಾರವನ್ನು ಮುರಿದವು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಮುಂದಿನ ದಶಕಗಳಲ್ಲಿ ವಿಸ್ತರಿಸುತ್ತ ಹೋಗಿ, ಲಂಬಾಣಿಗರ ಹಲವು ಗುಂಪುಗಳನ್ನೂ ಒಳಗೊಂಡಂತೆ ಅನೇಕ ಸಂಚಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದಿಟ್ಟಿತು. ಅಂಥವರು ಪೊಲೀಸರಿಗೆ ಹಾಜರಿ ಹಾಕಬೇಕು. ಅಪ್ಪಣೆಯಿಲ್ಲದೆ ಊರು ಬಿಡುವಂತಿಲ್ಲ. ಆ ಕಾಯ್ದೆ ರದ್ದಾದದ್ದು 1952ರಲ್ಲಿ. ಹೊಟ್ಟೆಪಾಡಿಗಾಗಿ ಸಂಚರಿಸಿದವನಿಗೆ ಸಂಚಾರವೇ ಅಪರಾಧವಾಗಿತ್ತು; ಇಂದು ಅದೇ ಸಂಚಾರವು ಉಳ್ಳವರಿಗೆ ಎರಡು ದಿನಗಳ ವಿನೋದವಾಗಿ ಮಾರಾಟವಾಗುತ್ತಿದೆ. ಈ ವೈಪರೀತ್ಯವನ್ನು ಗಮನಿಸದೆ ಅಲೆಮಾರಿ ಬದುಕಿನ ಸ್ವಾತಂತ್ರ್ಯವನ್ನು ಕೊಂಡಾಡುವ ಪ್ರವಾಸ ಸಾಹಿತ್ಯವು ಅರ್ಧಸತ್ಯವನ್ನಷ್ಟೇ ಹೇಳುತ್ತದೆ.

ಈ ಜನರು ಇಂದು ಬೇಡುತ್ತಿರುವುದಾದರೂ ಏನು? 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ನಡೆದ ಸಮಾರಂಭದಲ್ಲಿ ಸುಮಾರು 50 ಸಾವಿರ ಕುಟುಂಬಗಳಿಗೆ ಹಕ್ಕುಪತ್ರಗಳ ವಿತರಣೆಯಾಯಿತು. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಈ ಐದು ಜಿಲ್ಲೆಗಳಲ್ಲಿ ದಾಖಲೆಯೇ ಇಲ್ಲದಿದ್ದ ಸುಮಾರು 1,475 ವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಲಾಗಿತ್ತು. ಅವುಗಳ ನಿವಾಸಿಗಳಲ್ಲಿ ಲಂಬಾಣಿ ತಾಂಡಾಗಳವರೇ ಬಹುಸಂಖ್ಯಾತರು. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷನ ರಾಜಧಾನಿ, ಜೈನ ವಾಙ್ಮಯದ ಇತಿಹಾಸದಲ್ಲಿ ಪ್ರಾತಃಸ್ಮರಣೀಯ ಸ್ಥಳ. ಅಲ್ಲಿ ತಲೆಮಾರುಗಳಿಂದ ತಾವಿದ್ದ ನೆಲಕ್ಕೆ ಒಂದು ಕಾಗದವನ್ನು ಪಡೆಯಲು ಜನ ನೆರೆದಿದ್ದರು. 2025ರ ಆಗಸ್ಟ್ ತಿಂಗಳಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ಪ್ರಶ್ನೆ ಬಂದಾಗ, ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗವು 59 ಅತಿ ಹಿಂದುಳಿದ, ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇಕಡಾ 1ರಷ್ಟನ್ನು ಶಿಫಾರಸು ಮಾಡಿತ್ತು. ಸಚಿವ ಸಂಪುಟವು ಅವುಗಳನ್ನು ಶೇಕಡಾ 5ರ ದೊಡ್ಡ ಗುಂಪಿನೊಳಗೆ ಸೇರಿಸಿತು. ಅದನ್ನು ವಿರೋಧಿಸಿ ಅಲೆಮಾರಿಗಳು ಬೆಂಗಳೂರಿನಲ್ಲಿ ಧರಣಿ ಕುಳಿತರು. ಆ ತೀರ್ಮಾನದ ಗುಣದೋಷಗಳು ಬೇರೆ ಚರ್ಚೆಯ ವಿಷಯ. ಇಲ್ಲಿ ಗಮನಿಸಬೇಕಾದುದಿಷ್ಟು: ನೆಲೆ, ದಾಖಲೆ, ಶಾಲೆ, ಪಾಲು ಇವು ಈ ಸಮುದಾಯಗಳು ತಮ್ಮ ಬಾಯಿಂದಲೇ ಆಡಿದ ಮಾತುಗಳು. ಪ್ರವಾಸದ ಕಾರ್ಯಕ್ರಮದಲ್ಲಿ ಇವುಗಳಲ್ಲಿ ಒಂದಕ್ಕೂ ಸ್ಥಳವಿಲ್ಲ. ಕನ್ನಡಿ ಕೆಲಸದ ಉಡುಪಿಗೆ ಮಾತ್ರ ಸ್ಥಳವಿದೆ.

ಇನ್ನು ನೆಲದ ಮಾತು. ದಾರಿ ಬಿಟ್ಟು ವಾಹನ ಓಡಿಸುವುದೇ ಈ ಪ್ರವಾಸಗಳ ವಿಶೇಷ ಆಕರ್ಷಣೆ. ಮರಳುಗಾಡಾಗಲಿ, ಬೀದರ ಸೀಮೆಯ ಕುರುಚಲು ಹುಲ್ಲುಗಾವಲಾಗಲಿ ಬರಿದಾದ ನೆಲವಲ್ಲ. ಸರ್ಕಾರದ ಬಂಜರು ಭೂಮಿ ನಕಾಶೆಗಳು ಇಂಥ ಹುಲ್ಲುಗಾವಲುಗಳನ್ನು ಬಹುಕಾಲದಿಂದ ಬಂಜರೆಂದೇ ಎಣಿಸುತ್ತ ಬಂದಿವೆ. ಆದರೆ ಅಲ್ಲಿ ಕೃಷ್ಣಮೃಗಗಳು ಮೇಯುತ್ತವೆ. 1972ರ ಕಾಯ್ದೆಯು ಅವುಗಳಿಗೆ ಅತ್ಯುನ್ನತ ರಕ್ಷಣೆಯನ್ನು ವಿಧಿಸಿದೆ. ಬಾನಾಡಿ, ಟಿಟ್ಟಿಭ ಮೊದಲಾದ ಹಕ್ಕಿಗಳು ಬಯಲು ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಅಳಿವಿನಂಚಿನಲ್ಲಿರುವ ದೊಡ್ಡ ಎರೆಭೂತ ಹಕ್ಕಿಯು ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು ಬರಿನೆಲದ ಮೇಲಿಡುತ್ತದೆ; ಅದರ ಮುಖ್ಯ ಆಶ್ರಯವಾದ ಮರುಭೂಮಿ ರಾಷ್ಟ್ರೀಯ ಉದ್ಯಾನವು ಜೈಸಲಮೇರಿನ ಆ ಪ್ರವಾಸಿ ದಿಬ್ಬಗಳ ನೆರೆಯಲ್ಲಿಯೇ ಇದೆ. ಚಕ್ರದ ಭಾರಕ್ಕೆ ಮಣ್ಣು ಗಟ್ಟಿಯಾಗಿ ಮಳೆನೀರು ಇಂಗದಾಗುತ್ತದೆ; ಮೇಲ್ಪದರದ ಸೂಕ್ಷ್ಮಜೀವಿಗಳ ಹೊದಿಕೆ ಹರಿದರೆ ಮತ್ತೆ ಕೂಡಲು ವರ್ಷಗಳು ಬೇಕು. ನಡೆಯುವಾಗ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯನ್ನು ಪೂಜ್ಯವೆಂದು ತಿಳಿದವರು, ನೆಲವನ್ನೇ ನೋಡದೆ ಓಡುವ ಚಕ್ರದ ಮೇಲೆ ಕುಳಿತು ಹಣ ತೆರುವುದು ಅಸಂಗತ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಗುಣವ್ರತಗಳಲ್ಲಿ ದಿಗ್ವ್ರತವನ್ನೂ ಅನರ್ಥದಂಡ ವಿರತಿಯನ್ನೂ ಹೇಳುತ್ತದೆ. ದಿಕ್ಕುಗಳಿಗೆ ಮಿತಿ ಹಾಕಿಕೊಳ್ಳುವುದು ಮೊದಲನೆಯದು. ಪ್ರಯೋಜನವಿಲ್ಲದ ಪಾಪಕ್ರಿಯೆಯನ್ನು ಬಿಡುವುದು ಎರಡನೆಯದು. ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ ಆಚಾರ್ಯರು ಭೂಮಿ, ನೀರು, ಅಗ್ನಿ, ವಾಯುಗಳಿಗೆ ವೃಥಾ ಉಪದ್ರವ ಕೊಡುವುದನ್ನೂ, ವೃಥಾ ಗಿಡಮರಗಳನ್ನು ಕಡಿಯುವುದನ್ನೂ ಎಣಿಸಿ, ಅವುಗಳೊಡನೆ ವ್ಯರ್ಥವಾಗಿ ತಾನು ಸುತ್ತುವುದನ್ನೂ ಪರರನ್ನು ಸುತ್ತಿಸುವುದನ್ನೂ ಸೇರಿಸಿದ್ದಾರೆ. ಪರರನ್ನು ಸುತ್ತಿಸುವುದು ಎಂಬ ಅಂಶ ಇಲ್ಲಿ ಬಹಳ ಮುಖ್ಯ. ಜೀಪನ್ನು ನಡೆಸುವವನು ಬೇರೊಬ್ಬನು, ಮರಳಿನ ಮೇಲೆ ಓಡಿಸಿದ ಹೊಣೆ ಪ್ರವಾಸಿಯದಲ್ಲ ಎಂಬ ಸಮಾಧಾನಕ್ಕೆ ಶ್ರಾವಕಾಚಾರದಲ್ಲಿ ಅವಕಾಶವಿಲ್ಲ. ಸಾಮೂಹಿಕ ಯಾತ್ರೆಯ ಪಟ್ಟಿಯನ್ನು ಸಿದ್ಧಪಡಿಸುವ ಮಂದಿರ ಟ್ರಸ್ಟುಗಳಿಗೂ ಈ ಮಾತು ಸಲ್ಲುತ್ತದೆ.

ಇದಕ್ಕೆ ಪ್ರತಿವಾದವಿಲ್ಲದಿಲ್ಲ. ಪ್ರವಾಸದಿಂದ ಬಡ ಗಾಯಕನ ಮನೆಯಲ್ಲಿ ಒಲೆ ಉರಿಯುತ್ತದೆ. ಯಜಮಾನ ಮನೆತನಗಳ ಪೋಷಣೆ ತಗ್ಗಿದ ಮೇಲೆ ಆತನಿಗೆ ಪ್ರವಾಸಿಗನೇ ಯಜಮಾನ. ಕಾಣದವರ ಮೇಲೆ ಅನುಕಂಪ ಹುಟ್ಟುವುದು ಕಷ್ಟ. ಮಕ್ಕಳು ಮನೆಯಿಂದ ಹೊರಬಂದು ಬೇರೆ ಜನರನ್ನು ನೋಡುವುದು ಒಳ್ಳೆಯದೇ. ಈ ಎರಡೂ ಮಾತುಗಳಲ್ಲಿ ಸತ್ಯವಿದೆ. ಆದ್ದರಿಂದ ಪ್ರವಾಸವೇ ಕೂಡದೆಂಬ ತೀರ್ಪು ಸಾಧುವಲ್ಲ. ಆದರೆ ಮೊದಲ ವಾದವು ನಿಜವಾಗಬೇಕಾದರೆ ಹಣವು ಕಲಾವಿದನ ಕೈಸೇರಬೇಕು. ಡೇರೆಯ ಬಾಡಿಗೆಯಲ್ಲಿ ಆತನ ಪಾಲೆಷ್ಟೆಂದು ಕೇಳುವ ಪ್ರವಾಸಿಗರು ವಿರಳ. ಎರಡನೆಯ ವಾದವು ನಿಜವಾಗಬೇಕಾದರೆ ನೋಟದೊಡನೆ ಮಾತೂ ಇರಬೇಕು. ಮಾತಿಲ್ಲದ ನೋಟದಿಂದ ಮಕ್ಕಳು ಕಲಿಯುವುದು, ಬಡವರ ಬದುಕು ನೋಡತಕ್ಕ ವಸ್ತು ಎಂಬುದನ್ನು ಮಾತ್ರ.

ಬೀದರಿನ ಕುರಿಗಾರನ ವಿಷಯದಲ್ಲಿ ಜೈನ ಕುಟುಂಬಗಳಿಗೆ ಇನ್ನೂ ಕಠಿಣವಾದ ಸಂಕೋಚವೊಂದಿದೆ. ಅದನ್ನು ಮುಚ್ಚಿಡುವುದು ಪ್ರಾಮಾಣಿಕವಲ್ಲ. ದಖ್ಖನಿ ಕುರಿಯ ಒರಟು ಉಣ್ಣೆಗೆ ಇಂದು ಹೆಚ್ಚಿನ ಬೆಲೆಯಿಲ್ಲ. ಕುರಿಗಾರನ ಆದಾಯದ ಬಹುಭಾಗ ಬರುವುದು ಮಾಂಸಕ್ಕಾಗಿ ಮಾರಾಟವಾಗುವ ಮರಿಗಳಿಂದ. ಪ್ರವಾಸದ ಛಾಯಾಚಿತ್ರದಲ್ಲಿ ಮಗುವಿನ ತೋಳಲ್ಲಿರುವ ಮರಿಯ ಮುಂದಿನ ಗತಿಯನ್ನು ಯಾವ ಮಾರ್ಗದರ್ಶಿಯೂ ಹೇಳುವುದಿಲ್ಲ. ಪ್ರಾಣಿಗಳ ವ್ಯಾಪಾರಕ್ಕೆ ಪ್ರೇರಣೆ ನೀಡುವುದನ್ನು ಪಾಪೋಪದೇಶವೆಂದು ಶಾಸ್ತ್ರವು ನಿಷೇಧಿಸಿದೆ. ಹಾಗಾದರೆ ಕುರಿಗಾರನೊಡನೆ ಶ್ರಾವಕನ ಸಂಬಂಧವೇನು? ಕೆಲವರು ಮುಖ ತಿರುಗಿಸುತ್ತಾರೆ; ಕೆಲವರು ಪ್ರಶ್ನೆಯನ್ನೇ ಮರೆತು ಚಿತ್ರ ತೆಗೆಸಿಕೊಳ್ಳುತ್ತಾರೆ. ಇವೆರಡೂ ಸುಲಭದ ದಾರಿಗಳು. ಬಾಯಾರಿದ ಮಂದೆಗೆ ನೀರು ಕೊಡುವುದರಿಂದ ವಧೆಗೆ ಸಮ್ಮತಿ ಕೊಟ್ಟಂತಾಗುವುದಿಲ್ಲ, ಅದು ಕರುಣಾದಾನ. ಚಳಿಯಲ್ಲಿ, ತೋಳದ ಭಯದಲ್ಲಿ ರಾತ್ರಿಯಿಡೀ ಎಚ್ಚರವಿದ್ದು ಮರಿಗಳನ್ನು ಕಾಯುವವನ ಶ್ರಮವನ್ನು ಗೌರವಿಸುತ್ತ, ಆತನ ಜೀವನೋಪಾಯದ ಒಂದು ಅಂಶವನ್ನು ಒಪ್ಪದಿರುವುದು ಸಾಧ್ಯ. ಅಸಮ್ಮತಿಯಿರುವಲ್ಲಿ ತಿರಸ್ಕಾರವೂ ಇರಬೇಕೆಂಬ ನಿಯಮವಿಲ್ಲ. ಉಣ್ಣೆಯ ಕಂಬಳಿಯನ್ನು ನ್ಯಾಯವಾದ ಬೆಲೆಗೆ ಕೊಳ್ಳುವವರು ಹೆಚ್ಚಿದರೆ, ಜೀವವುಳ್ಳ ಕುರಿಯಿಂದಲೇ ಬರುವ ಆದಾಯವೂ ಅಷ್ಟರಮಟ್ಟಿಗೆ ಹೆಚ್ಚುತ್ತದೆ.

ಇವುಗಳಿಂದ ಟ್ರಸ್ಟುಗಳೂ ಕುಟುಂಬಗಳೂ ಆಚರಿಸಬಹುದಾದ ಕೆಲವು ನಿಯಮಗಳು ಹೊರಡುತ್ತವೆ. ಯಾತ್ರೆಯ ಪಟ್ಟಿಯಲ್ಲಿ ದಾರಿ ಬಿಟ್ಟು ವಾಹನ ಓಡಿಸುವ ಬಾಬು ಇರಕೂಡದು. ಮರುಭೂಮಿಯನ್ನು ರಸ್ತೆಯಂಚಿನಿಂದ, ಕಾಲ್ನಡಿಗೆಯಿಂದ ನೋಡಬಹುದು. ಹಾಡು ಕೇಳುವುದಾದರೆ ಗಾಯಕರಿಗೆ ನೇರವಾಗಿ ಸಂಭಾವನೆ ಕೊಟ್ಟು, ಅವರ ಹಾಡು ಯಾವ ಸಂದರ್ಭದ್ದೆಂದು ಕೇಳಿ ತಿಳಿಯಬೇಕು. ಬೀದರ, ಭಾಲ್ಕಿ, ಔರಾದಗಳ ಬಯಲಿನಲ್ಲಿ ಕುರಿಮಂದೆಯ ಬಳಿ ಹೋಗುವ ಮುನ್ನ ಅದರ ಯಜಮಾನನ ಅಪ್ಪಣೆ ಪಡೆಯಬೇಕು. ಕುರಿಗಳು ಮರಿ ಹಾಕುತ್ತಿರುವಾಗ ದೂರವಿರಬೇಕು. ಹೆಂಗಸರು ಮಕ್ಕಳ ಚಿತ್ರವನ್ನು ಕೇಳದೆ ತೆಗೆಯಬಾರದು. ತಾಂಡಾಕ್ಕೆ ಹೋಗುವುದಾದರೆ ಅಲ್ಲಿಯವರ ಕರೆಯ ಮೇಲೆ, ಅವರ ಹಬ್ಬಕ್ಕೋ ಶಾಲೆಯ ಕಾರ್ಯಕ್ಕೋ ಅತಿಥಿಗಳಾಗಿ ಹೋಗಬೇಕು. ಅತಿಥಿಗೆ ಸಂಕೋಚವಿರುತ್ತದೆ, ಟಿಕೆಟು ಕೊಂಡವನಿಗೆ ಅದಿರುವುದಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದುದು ಪ್ರವಾಸಕ್ಕೆ ಸಂಬಂಧಿಸಿದ್ದಲ್ಲ. ಊರ ಹೊರಗೆ ಹೊಲ, ಬಾವಿ, ಖಾಲಿ ನಿವೇಶನ ಉಳ್ಳ ಸಂಸ್ಥೆಗಳಿಗೆ ಬೇಸಿಗೆಯಲ್ಲಿ ಒಂದು ನೀರಿನ ತೊಟ್ಟಿ ಕಟ್ಟಿಸುವುದು ದೊಡ್ಡ ವೆಚ್ಚವಲ್ಲ. ತೊಟ್ಟಿಯ ನೀರನ್ನು ಸಾಗುವ ಮಂದೆಯೂ ಕುಡಿಯುತ್ತದೆ, ರಾತ್ರಿ ಬರುವ ಕೃಷ್ಣಮೃಗವೂ ಕುಡಿಯುತ್ತದೆ. ಅಲೆಮಾರಿ ಕುಟುಂಬದ ಮಗುವಿನ ಶಾಲೆ ಊರು ಬದಲಾದಾಗ ನಿಲ್ಲದಂತೆ, ಆ ಕೆಲವು ತಿಂಗಳು ವಸತಿಗೆ ಒಂದು ಕೋಣೆ ಕೊಡುವುದು ಧರ್ಮಶಾಲೆಯುಳ್ಳ ಟ್ರಸ್ಟಿಗೆ ಅಸಾಧ್ಯವಲ್ಲ. ವರ್ಷದಲ್ಲಿ ಎಂಟು ತಿಂಗಳು ನಡೆದೇ ವಿಹಾರ ಮಾಡುವ, ಒಂದೂರಿನಲ್ಲಿ ನಿಲ್ಲದ ಮುನಿಗಳಿಗೆ ದಾರಿಯುದ್ದಕ್ಕೂ ನೆರಳನ್ನೂ ನೆಲೆಯನ್ನೂ ಅಣಿಮಾಡುವ ಕಲೆ ಈ ಸಮಾಜಕ್ಕೆ ಚೆನ್ನಾಗಿ ತಿಳಿದಿದೆ. ವ್ರತದಿಂದ ಸಂಚರಿಸುವವರಿಗೂ ಬಡತನದಿಂದ ಸಂಚರಿಸುವವರಿಗೂ ಇರುವ ಅಂತರ ಬಹಳ ದೊಡ್ಡದು, ನಿಜ. ಆದರೆ ಇಬ್ಬರಿಗೂ ಬೇಕಾದ ನೆರಳು ಒಂದೇ, ನೀರು ಒಂದೇ. ಮುಂದಿನ ಯಾತ್ರೆಯ ಪಟ್ಟಿಯನ್ನು ಬರೆಯುವ ಸಭೆಯಲ್ಲಿ ಟ್ರಸ್ಟಿಗಳು ಮರುಭೂಮಿಯ ಜೀಪಿಗೆ ತಲೆಗೆಷ್ಟು ಬೀಳುವುದೆಂದು ಲೆಕ್ಕ ಹಾಕುವಾಗ, ತಮ್ಮೂರಿನ ಬಯಲಿನಲ್ಲಿ ಒಂದು ತೊಟ್ಟಿಗೆ ಎಷ್ಟಾಗುವುದೆಂಬ ಲೆಕ್ಕವನ್ನೂ ಪಕ್ಕದಲ್ಲಿ ಬರೆದು ನೋಡುವುದು ಯುಕ್ತ.